ಸುಕ್ಕು ಬಟಾಣಿಯ ಗುಟ್ಟು: ಗಿಡಗಳ ಒಳಗಿನ ಜಿಗಿಯುವ ಜೀನುಗಳು

ಎಲ್ಲರಿಗೂ ನಮಸ್ಕಾರ.

ಮೆಂಡೆಲ್ ಹೆಸರು ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ದುಂಡು ಬಟಾಣಿ, ಸುಕ್ಕು ಬಟಾಣಿ, ಮೂರಕ್ಕೆ ಒಂದು. ಶಾಲೆಯಲ್ಲಿ ಬರೆದೆವು, ಅಂಕ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಆ ಬಟಾಣಿ ಯಾಕೆ ಸುಕ್ಕಾಯಿತು ಅಂತ ನಾನಂತೂ ಕೇಳಿರಲಿಲ್ಲ. ಮೆಂಡೆಲ್ ಪ್ರಬಂಧ ಅಚ್ಚಾಗಿದ್ದು 1866ರಲ್ಲಿ. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1990ರಲ್ಲಿ!

ಬಟಾಣಿಯಲ್ಲಿ ಪಿಷ್ಟದ ಸರಪಳಿಗೆ ಕವಲು ಮೂಡಿಸುವ ಒಂದು ಕಿಣ್ವ ಇದೆ. ಡಿಎನ್‌ಎಯನ್ನು ಅಕ್ಷರಗಳ ಉದ್ದ ಬರಹ ಅಂದುಕೊಂಡರೆ, ಆ ಕಿಣ್ವದ ಜೀನಿನೊಳಗೆ ಸುಮಾರು 800 ಅಕ್ಷರಗಳ ಒಂದು ತುಂಡು ಎಲ್ಲಿಂದಲೋ ಬಂದು ಕೂತುಬಿಟ್ಟಿದೆ. ಕಿಣ್ವ ಕೆಟ್ಟಿತು. ಪಿಷ್ಟ ಕಡಿಮೆಯಾಯಿತು, ಸಕ್ಕರೆ ಜಾಸ್ತಿ ಉಳಿಯಿತು. ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ, ಹಸಿ ಕಾಳು ಉಬ್ಬುತ್ತದೆ. ಒಣಗುವಾಗ ಆ ನೀರೆಲ್ಲ ಹೋಗಿ ಸಿಪ್ಪೆ ಸುಕ್ಕುಗಟ್ಟುತ್ತದೆ.

ಇಂಥ ತುಂಡುಗಳಿಗೆ ಟ್ರಾನ್ಸ್‌ಪೋಸಾನ್ ಅಂತ ಹೆಸರು. ಜಿಗಿಯುವ ಜೀನು ಅಂತಲೂ ಕರೆಯುತ್ತಾರೆ. ಆ ಹೆಸರು ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಯಾಕೆಂದರೆ ಇವುಗಳಲ್ಲಿ ಹೆಚ್ಚಿನವು ಈಗ ಜಿಗಿಯುವುದನ್ನೇ ಬಿಟ್ಟಿವೆ. ಇರಲಿ, ಬಾಯಿಗೆ ಸುಲಭ.

ಇವನ್ನು ಮೊದಲು ಗುರುತಿಸಿದವರು ಬಾರ್ಬರಾ ಮೆಕ್ಲಿಂಟಾಕ್. 1940ರ ದಶಕ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್. ಅವರ ಮುಂದಿದ್ದದ್ದು ಚುಕ್ಕೆ ಚುಕ್ಕೆ ಮೆಕ್ಕೆಜೋಳದ ಕಾಳುಗಳು. ಬಣ್ಣದ ಜೀನಿನೊಳಗೆ ಒಂದು ತುಂಡು ಹೊಕ್ಕರೆ ಕಾಳಿಗೆ ಬಣ್ಣ ಬರುವುದಿಲ್ಲ. ಕಾಳು ಬೆಳೆಯುತ್ತಿರುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಹೋದರೆ, ಆ ಕೋಶದ ಮಕ್ಕಳು ಮೊಮ್ಮಕ್ಕಳಿಗೆಲ್ಲ ಬಣ್ಣ ವಾಪಸ್. ಅದೇ ಚುಕ್ಕೆ. ಬೇಗ ಎದ್ದರೆ ದೊಡ್ಡ ಚುಕ್ಕೆ, ತಡವಾಗಿ ಎದ್ದರೆ ಸಣ್ಣ ಚುಕ್ಕೆ. ಡಿಎನ್‌ಎ ಸುರುಳಿಯ ಆಕಾರ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅವರು ಇಷ್ಟನ್ನೂ ಕಾಳು ನೋಡಿ, ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮು ನೋಡಿ ಹೇಳಿದರು. 1983ರಲ್ಲಿ ನೊಬೆಲ್ ಬಂತು. ಆಗ ಅವರಿಗೆ 81 ವರ್ಷ.

ಅವರ ಮಾತನ್ನು ಯಾರೂ ನಂಬಲಿಲ್ಲ ಅನ್ನುವ ಕಥೆಯನ್ನು ನೀವು ಕೇಳಿರಬಹುದು. ಅದು ಅರ್ಧ ಸತ್ಯ. ತುಂಡುಗಳು ಜಾಗ ಬದಲಿಸುತ್ತವೆ ಅನ್ನುವುದನ್ನು ಮೆಕ್ಕೆಜೋಳದ ಸಂಶೋಧಕರು ಬೇಗನೆ ಒಪ್ಪಿದ್ದರು. ಇವು ಗಿಡದ ಬೆಳವಣಿಗೆಯನ್ನೇ ನಿಯಂತ್ರಿಸುತ್ತವೆ ಅಂತ ಮೆಕ್ಲಿಂಟಾಕ್ ಹೇಳಿದ್ದರಲ್ಲ, ಅದು ಮಾತ್ರ ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಆ ಜಗಳ ಇವತ್ತಿಗೂ ಬೇರೆ ರೂಪದಲ್ಲಿ ನಡೆಯುತ್ತಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮುಖ್ಯವಾಗಿ ಎರಡು ಜಾತಿ. ಒಂದು ಕಟ್-ಪೇಸ್ಟ್: ಇದ್ದ ಜಾಗದಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂರುವುದು. ಮೆಕ್ಲಿಂಟಾಕ್ ಕಂಡದ್ದು ಇದನ್ನೇ. ಇನ್ನೊಂದು ಕಾಪಿ-ಪೇಸ್ಟ್: ತಾನು ಕೂತಲ್ಲೇ ಕೂತು, ಆರ್‌ಎನ್‌ಎ ಎಂಬ ತಾತ್ಕಾಲಿಕ ನಕಲು ತೆಗೆದು, ಅದನ್ನು ಮತ್ತೆ ಡಿಎನ್‌ಎ ಮಾಡಿ ಬೇರೆ ಕಡೆ ನಾಟುವುದು. ಇದು ರೆಟ್ರೋಟ್ರಾನ್ಸ್‌ಪೋಸಾನ್. ಗಿಡಗಳ ಜೀನೋಮನ್ನು, ಅಂದರೆ ಡಿಎನ್‌ಎಯ ಇಡೀ ಬರಹವನ್ನು, ಊದಿಸಿದ್ದು ಬಹುಪಾಲು ಈ ಎರಡನೆಯ ಜಾತಿ.

ಎಷ್ಟು ಊದಿಸಿದೆ ನೋಡಿ. ಅರಬಿಡಾಪ್ಸಿಸ್ ಅನ್ನುವ ಸಣ್ಣ ಕಳೆಗಿಡದ ಜೀನೋಮಿನಲ್ಲಿ ಸುಮಾರು 13 ಕೋಟಿ ಅಕ್ಷರ, 27 ಸಾವಿರದಷ್ಟು ಜೀನು. ಮೆಕ್ಕೆಜೋಳದಲ್ಲಿ ಸುಮಾರು 230 ಕೋಟಿ ಅಕ್ಷರ. ಜೀನುಗಳು ಹದಿನೇಳು ಪಟ್ಟು ಇರಬೇಕಲ್ವಾ? ಇಲ್ಲ, ಅವು ಎರಡು ಪಟ್ಟೂ ಆಗುವುದಿಲ್ಲ. ಮಿಕ್ಕದ್ದೆಲ್ಲ ಏನು ಅಂತ 2009ರಲ್ಲಿ ಓದಿ ನೋಡಿದಾಗ, ಇಡೀ ಜೀನೋಮಿನ ನೂರರಲ್ಲಿ 85 ಪಾಲು ಈ ಟ್ರಾನ್ಸ್‌ಪೋಸಾನ್‌ಗಳೇ. ಭತ್ತದ ಕಾಡು ನೆಂಟ ಒಂದಿದೆ, ಒರೈಜಾ ಆಸ್ಟ್ರೇಲಿಯೆನ್ಸಿಸ್. ಮೂರೇ ಮೂರು ರೆಟ್ರೋಟ್ರಾನ್ಸ್‌ಪೋಸಾನ್ ಕುಟುಂಬಗಳು ಸೇರಿ ಅದರ ಜೀನೋಮನ್ನು ದುಪ್ಪಟ್ಟು ಮಾಡಿಬಿಟ್ಟಿವೆ.

ಇದೆಲ್ಲ ಯಾವಾಗ ಆಯಿತು ಅಂತ ಹೇಗೆ ಗೊತ್ತಾಗುತ್ತದೆ? ಈ ಲೆಕ್ಕ ನನಗೆ ಬಹಳ ಇಷ್ಟ. ಗಿಡಗಳಲ್ಲಿ ಹೆಚ್ಚಾಗಿ ಸಿಗುವ ರೆಟ್ರೋಟ್ರಾನ್ಸ್‌ಪೋಸಾನ್‌ಗೆ ತಲೆ ಬಾಲ ಎರಡೂ ಒಂದೇ. ಅಂದರೆ ಎರಡು ತುದಿಯಲ್ಲೂ ಒಂದೇ ಬರಹ ಇರುತ್ತದೆ. ಹೊಸದಾಗಿ ನಾಟಿದ ದಿನ ಅವೆರಡೂ ಅಕ್ಷರಕ್ಕೆ ಅಕ್ಷರ ಹೊಂದುತ್ತವೆ. ಆಮೇಲೆ ಎರಡೂ ತುದಿಗಳಲ್ಲಿ ಬೇರೆ ಬೇರೆ ತಪ್ಪುಗಳು ಸೇರುತ್ತಾ ಹೋಗುತ್ತವೆ. ಎಷ್ಟು ವ್ಯತ್ಯಾಸ ಅಂತ ಎಣಿಸಿದರೆ ಅದರ ವಯಸ್ಸು ಸಿಕ್ಕಿತು. ಹೀಗೆ ಎಣಿಸಿದಾಗ ಮೆಕ್ಕೆಜೋಳದ ಬಹಳಷ್ಟು ತುಂಡುಗಳು ಕಳೆದ ಕೆಲವೇ ದಶಲಕ್ಷ ವರ್ಷಗಳಲ್ಲಿ ಬಂದವು ಅಂತ ತಿಳಿಯಿತು. ಒಂದರೊಳಗೆ ಒಂದು, ಅದರೊಳಗೆ ಇನ್ನೊಂದು ಹೊಕ್ಕು ಕೂತಿವೆ. ಒಳಗಿನದು ಯಾವಾಗಲೂ ಹೊರಗಿನದಕ್ಕಿಂತ ಚಿಕ್ಕ ವಯಸ್ಸಿನದು.

ಹಾಗಾದರೆ ಗಿಡ ಸುಮ್ನೆ ನೋಡುತ್ತಾ ಕೂತಿದೆಯಾ? ಇಲ್ಲ. ಟ್ರಾನ್ಸ್‌ಪೋಸಾನ್‌ನಿಂದ ಬಂದ ಆರ್‌ಎನ್‌ಎಯನ್ನೇ 24 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆ ಚೂರುಗಳು ಕಳ್ಳನ ಗುರುತಿನ ಚೀಟಿ ಇದ್ದ ಹಾಗೆ. ಅದನ್ನು ಹಿಡಿದು ಹೋಗಿ, ಅದೇ ಬರಹ ಇರುವ ಡಿಎನ್‌ಎ ಮೇಲೆಲ್ಲ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಅಂಟಿಸುತ್ತದೆ. ತುಂಡು ಬಾಯಿ ಮುಚ್ಚುತ್ತದೆ. ತೊಂದರೆ ಏನೆಂದರೆ ಕೆಲವೊಮ್ಮೆ ಪಕ್ಕದ ಜೀನಿನ ಬಾಯಿಯೂ ಮುಚ್ಚಿಹೋಗುತ್ತದೆ.

ಈ ಕಾವಲು ಸಡಿಲವಾದರೆ ಏನಾಗುತ್ತದೆ? ಅರಬಿಡಾಪ್ಸಿಸ್‌ನಲ್ಲಿ ಓನ್ಸೆನ್ ಅಂತ ಒಂದು ರೆಟ್ರೋಟ್ರಾನ್ಸ್‌ಪೋಸಾನ್ ಇದೆ. ಜಪಾನಿ ಭಾಷೆಯಲ್ಲಿ ಬಿಸಿನೀರಿನ ಬುಗ್ಗೆ ಅಂತ ಅರ್ಥ. ಸಸಿಗೆ ಬಿಸಿ ತಾಗಿಸಿದರೆ ಅದು ಎದ್ದು ನಕಲು ಮಾಡಲು ಶುರುಮಾಡುತ್ತದೆ. ಆರೋಗ್ಯವಾಗಿರುವ ಗಿಡ ಅದನ್ನು ಮತ್ತೆ ಹದ್ದುಬಸ್ತಿಗೆ ತರುತ್ತದೆ. ಆ ಸಣ್ಣ ಆರ್‌ಎನ್‌ಎ ಚೂರುಗಳನ್ನು ಮಾಡಲಾರದ ಗಿಡದಲ್ಲಿ ಮಾತ್ರ, ಅದರ ಮಕ್ಕಳಲ್ಲಿ ಹೊಸ ಹೊಸ ಜಾಗಗಳಲ್ಲಿ ಓನ್ಸೆನ್ ಕಾಣಿಸಿಕೊಳ್ಳುತ್ತದೆ. ಅದು ಹೋಗಿ ಕೂತ ಜಾಗದ ಪಕ್ಕದ ಕೆಲವು ಜೀನುಗಳೂ ಬಿಸಿಗೆ ಏಳುವುದನ್ನು ಕಲಿಯುತ್ತವೆ.

ಆಗಲೇ ಹೇಳಿದ ಜಗಳಕ್ಕೆ ಈಗ ಬರುತ್ತೇನೆ, ಇಲ್ಲಿ ಒಂದು ಮಾತು ಹೇಳಲೇಬೇಕು. ಕಷ್ಟ ಬಂದಾಗ ಗಿಡ ತನ್ನನ್ನು ಬದಲಿಸಿಕೊಳ್ಳಲು ಇವನ್ನು ಬೇಕೆಂದೇ ಬಿಡುತ್ತದೆ ಅಂತ ಕೆಲವರು ಬರೆಯುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಟ್ರಾನ್ಸ್‌ಪೋಸಾನ್‌ಗೆ ತನ್ನ ನಕಲು ಹೆಚ್ಚಿದರೆ ಸಾಕು, ಗಿಡದ ಉಸಾಬರಿ ಅದಕ್ಕೆ ಬೇಡ. ನೂರಾರು ಕಡೆ ಬೀಳುತ್ತದೆ, ಬಹಳಷ್ಟು ಸಲ ಏನೂ ಆಗುವುದಿಲ್ಲ ಇಲ್ಲವೇ ಕೆಡುತ್ತದೆ. ಎಲ್ಲೋ ಒಮ್ಮೆ ಉಪಯೋಗಕ್ಕೆ ಬರುತ್ತದೆ. ನಾವು ಕಥೆ ಹೇಳುವುದು ಆ ಒಂದರದ್ದು. ನಾನೂ ಈಗ ಅದನ್ನೇ ಮಾಡಲಿದ್ದೇನೆ!

ಮೆಕ್ಕೆಜೋಳದ ಕಾಡು ಪೂರ್ವಜ ಟಿಯೋಸಿಂಟೆ ಪೊದೆಯ ಹಾಗೆ ಕವಲೊಡೆಯುತ್ತದೆ. ಮೆಕ್ಕೆಜೋಳ ಒಂದೇ ಕಾಂಡದಲ್ಲಿ ನೆಟ್ಟಗೆ ನಿಲ್ಲುತ್ತದೆ. ಕವಲು ತಡೆಯುವ ಒಂದು ಜೀನು ಮೆಕ್ಕೆಜೋಳದಲ್ಲಿ ಜೋರಾಗಿ ಕೆಲಸ ಮಾಡುವುದೇ ಇದಕ್ಕೆ ದೊಡ್ಡ ಕಾರಣ. ಅದನ್ನು ಜೋರು ಮಾಡಿದ್ದು ಹಾಪ್‌ಸ್ಕಾಚ್ ಎಂಬ ರೆಟ್ರೋಟ್ರಾನ್ಸ್‌ಪೋಸಾನ್. ಜೀನಿನಿಂದ ಅದು ಸುಮಾರು 60 ಸಾವಿರ ಅಕ್ಷರ ದೂರದಲ್ಲಿದೆ! ಅದು ಬಂದು ಕೂತಿದ್ದು ಬೇಸಾಯ ಶುರುವಾಗುವ ಎಷ್ಟೋ ಸಾವಿರ ವರ್ಷ ಮೊದಲು. ಕಾಡಿನ ಗಿಡಗಳಲ್ಲಿ ಸುಮ್ನೆ ಬಿದ್ದುಕೊಂಡಿತ್ತು. ಮೆಕ್ಸಿಕೋದ ರೈತರು ನೆಟ್ಟಗಿನ ಗಿಡಗಳ ಬೀಜ ಆರಿಸುತ್ತಾ ಹೋದರು, ಅದರ ಜೊತೆ ಹಾಪ್‌ಸ್ಕಾಚೂ ಬಂತು.

ದ್ರಾಕ್ಷಿಯದು ಇನ್ನೊಂದು ಥರ. ಬಿಳಿ ದ್ರಾಕ್ಷಿ ಬಿಳಿಯಾಗಲು ಬಣ್ಣದ ಎರಡು ಜೀನು ಕೆಡಬೇಕಾಯಿತು. ಅದರಲ್ಲಿ ಒಂದನ್ನು ಕೆಡಿಸಿದ್ದು ಗ್ರೆಟ್1 ಅನ್ನುವ ರೆಟ್ರೋಟ್ರಾನ್ಸ್‌ಪೋಸಾನ್. ಇಟಾಲಿಯಾ ಎಂಬ ಬಿಳಿ ತಳಿಯ ಬಳ್ಳಿಯಲ್ಲಿ ಒಮ್ಮೆ ಕೆಂಪು ಹಣ್ಣು ಬಿಟ್ಟಿತು. ಏನಾಗಿತ್ತು ಗೊತ್ತೇ? ತಲೆ ಬಾಲ ಒಂದೇ ಅಂದೆನಲ್ಲ, ಆ ಎರಡು ತುದಿಗಳು ಒಂದಕ್ಕೊಂದು ತಗುಲಿಕೊಂಡು ನಡುವಿನದ್ದೆಲ್ಲ ಕಳಚಿಹೋಗಿತ್ತು. ಒಂದೇ ಒಂದು ತುದಿ ಉಳಿಯಿತು, ಬಣ್ಣ ಬಂತು.

ಇಲ್ಲಿಯವರೆಗೆ ಹೇಳಿದ್ದು ಇದ್ದ ಜೀನನ್ನು ಕೆಡಿಸುವ, ಏರಿಸುವ, ಇಳಿಸುವ ಮಾತು. ಜೀನನ್ನೇ ಹೊತ್ತುಕೊಂಡು ಹೋಗುವುದೂ ಉಂಟು. ಟೊಮೆಟೊದಲ್ಲಿ ರೈಡರ್ ಎಂಬುದು ನಕಲು ಮಾಡುವಾಗ ತನ್ನ ಕೊನೆಯಲ್ಲಿ ನಿಲ್ಲಲಿಲ್ಲ, ಪಕ್ಕದ ಜೀನನ್ನೂ ಸೇರಿಸಿ ಓದಿಕೊಂಡು ಹೋಯಿತು. ಸುಮಾರು 25 ಸಾವಿರ ಅಕ್ಷರ ಬೇರೆ ಕ್ರೋಮೋಸೋಮಿಗೆ ಬಂದು ನಾಟಿತು. ಸನ್ ಅನ್ನುವ ಜೀನು ಹೊಸ ಜಾಗದಲ್ಲಿ ಜೋರಾಗಿ ಕೆಲಸ ಮಾಡತೊಡಗಿತು, ಹಣ್ಣು ಉದ್ದವಾಯಿತು. ಭತ್ತದಲ್ಲಂತೂ ಹೀಗೆ ಜೀನುಗಳ ಚೂರು ಹೊತ್ತ ತುಂಡುಗಳು 3,000ಕ್ಕೂ ಹೆಚ್ಚು ಇವೆ. ಅವೆಲ್ಲ ಹೊಸ ಜೀನುಗಳ ಕಾರ್ಖಾನೆ ಅಂತ ಮೊದಮೊದಲು ಬಹಳ ಉತ್ಸಾಹ ಇತ್ತು. ಹೆಚ್ಚಿನವು ಬರೀ ಚೂರುಪಾರು ಅಂತ ನನ್ನ ಅನಿಸಿಕೆ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಇನ್ನೊಂದು. ಟ್ರಾನ್ಸ್‌ಪೋಸಾನ್ ಜಿಗಿಯಲು ಅದರದ್ದೇ ಒಂದು ಪ್ರೋಟೀನು ಬೇಕು. ಅದು ಡಿಎನ್‌ಎಯ ಒಂದು ಜಾಗ ಗುರುತಿಸಿ ಹಿಡಿದುಕೊಳ್ಳುತ್ತದೆ, ಆಮೇಲೆ ಕತ್ತರಿಸುತ್ತದೆ. ಬಹಳ ಹಿಂದೆ ಇಂಥ ಒಂದು ಪ್ರೋಟೀನು ಕತ್ತರಿಸುವುದನ್ನು ಮರೆತು, ಹಿಡಿದುಕೊಳ್ಳುವುದನ್ನು ಮಾತ್ರ ಉಳಿಸಿಕೊಂಡಿತು. ಅರಬಿಡಾಪ್ಸಿಸ್‌ನ ಎಫ್‌ಎಚ್‌ವೈ3, ಎಫ್‌ಎಆರ್1 ಎಂಬ ಜೀನುಗಳು ಅದರ ವಂಶದವು. ಈಗ ಅವು ಗಿಡದ ನೌಕರಿಯಲ್ಲಿವೆ. ಕಣ್ಣಿಗೆ ಕಾಣದಷ್ಟು ಮಂಕಾದ ದೂರಕೆಂಪು ಬೆಳಕು ಬಿದ್ದಾಗ ಬೇರೆ ಜೀನುಗಳನ್ನು ಎಬ್ಬಿಸುವುದು ಅವುಗಳ ಕೆಲಸ. ಅವೆರಡನ್ನೂ ಕೆಡಿಸಿದ ಸಸಿಯನ್ನು ಆ ಬೆಳಕಿನಲ್ಲಿ ಇಟ್ಟರೆ, ತಾನಿನ್ನೂ ಕತ್ತಲಲ್ಲೇ ಇದ್ದೇನೆ ಅಂದುಕೊಂಡು ಅದು ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತದೆ.