ತೊಗರಿಕಾಳಿನಷ್ಟು ಮುಖ

ಕೇಳುಗರಿಗೆ ನಮಸ್ಕಾರ.

ನನ್ನ ಮೇಜಿನ ಮೇಲೆ ಈಗ ಒಂದು ಗಾಬ್ಲಿನ್ ನಿಂತಿದೆ. ಗಾಬ್ಲಿನ್ ಎಂದರೆ ಇಂಗ್ಲೆಂಡಿನ ಅಜ್ಜಿಕತೆಗಳಲ್ಲಿ ಬರುವ, ಕೀಟಲೆಗೂ ಕೇಡಿಗೂ ಹೆಸರಾದ ಕುಳ್ಳ ಭೂತ. ಇದರ ಎತ್ತರ ಎರಡು ಸೆಂಟಿಮೀಟರಿಗೆ ಚೂರು ಹೆಚ್ಚು, ಮುಖ ತೊಗರಿಕಾಳಿನಷ್ಟು. ಆ ತೊಗರಿಕಾಳಿನಲ್ಲೇ ಕೊಕ್ಕೆಯಂತೆ ಬಾಗಿದ ಮೂಗು, ಕಿವಿಯಿಂದ ಕಿವಿಗೆ ಹರಿದ ಬಾಯಿ, ಅದರೊಳಗೆ ಸೊಟ್ಟ ಹಲ್ಲುಗಳು. ಸೀಸ ಬೆರೆತ ಎರಕದ ಬೊಂಬೆ ಇದು, 1980ರ ದಶಕದ್ದು. ಅಂಗೈಯಲ್ಲಿಟ್ಟರೆ ಗಾತ್ರಕ್ಕೆ ಮೀರಿದ ಭಾರ.

ಕೆಲಸದ ಮೇಲೆ ನಾನು ಕೆಲವು ವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೆ. ಅಲ್ಲಿನ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ, ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ, ದಪ್ಪ ಎನಾಮಲ್ ಬಣ್ಣ ಮೆತ್ತಿಸಿಕೊಂಡ ಇಪ್ಪತ್ತು ಬೊಂಬೆಗಳು ಸಿಕ್ಕಿದವು. ಮುಖ ಯಾವುದು, ಮೊಣಕೈ ಯಾವುದು ಎಂದು ತಿಳಿಯುತ್ತಿರಲಿಲ್ಲ. ಬಲ್ಲವರು ಹೇಳಿದಂತೆ ಒಂದು ರಾತ್ರಿ ಡೆಟಾಲಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕೈಗವಸು ತೊಟ್ಟು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿದೆ. ಬಣ್ಣ ಸಿಪ್ಪೆಯ ಹಾಗೆ ಸುಲಿದು ಬಂತು. ಅಡಿಯಿಂದ ಒಂದು ನಗು ಹೊರಬಿತ್ತು. ಆ ನಗುವಿಗೆ ಸೋತವನು ನಾನು.

ಈ ಬೊಂಬೆಗಳು ಹುಟ್ಟಿದ್ದು ಆಟಕ್ಕೆ. ಮೇಜಿನ ಮೇಲೆ ಗುಡ್ಡ, ಹೊಳೆ, ಕೋಟೆಗಳನ್ನು ಹೂಡಿ, ಎರಡು ಪಡೆಗಳನ್ನು ಎದುರುಬದುರು ನಿಲ್ಲಿಸಿ, ಅಳತೆಪಟ್ಟಿ ಹಿಡಿದು ದಂಡು ನಡೆಸಿ, ದಾಳ ಉರುಳಿಸಿ ಸೋಲುಗೆಲುವು ತೀರ್ಮಾನಿಸುವ ವಾರ್‌ಗೇಮ್ ಅದು. ಅಮೆರಿಕದ ಸಿನ್ಸಿನಾಟಿಯಲ್ಲಿ 1975ರಲ್ಲಿ ಇಂಥ ಬೊಂಬೆಗಳನ್ನು ಮಾಡುವ ರಾಲ್ ಪಾರ್ಥ ಎಂಬ ಕಂಪನಿ ಶುರುವಾಯಿತು. ಅದರ ಶಿಲ್ಪಿ ಟಾಮ್ ಮೇಯರ್ ಆಗಿನ್ನೂ ಹದಿಹರೆಯದ ಹುಡುಗ. 1970ರ ದಶಕದ ಕೊನೆಗೆ ಇಂಗ್ಲೆಂಡಿನ ನ್ಯೂಆರ್ಕ್ ಪಟ್ಟಣದಲ್ಲಿ ಬ್ರಯಾನ್ ಅನ್ಸೆಲ್ ಅವರ ಮುಂದಾಳತ್ವದಲ್ಲಿ ಸಿಟಡೆಲ್ ಮಿನಿಯೇಚರ್ಸ್ ಎಂಬ ಇನ್ನೊಂದು ಕಂಪನಿ ಬಂತು. 1983ರಲ್ಲಿ ವಾರ್‌ಹ್ಯಾಮರ್ ಆಟ ಹೊರಬಂದ ಮೇಲೆ ಈ ಪುಟ್ಟ ಸೈನಿಕರಿಗೆ ಲೆಕ್ಕವೇ ಇಲ್ಲದಾಯಿತು.

ಮಾಡುವ ಬಗೆಯನ್ನು ಸ್ವಲ್ಪ ಹೇಳಬೇಕು. ಶಿಲ್ಪಿ ಮೊದಲು ತಂತಿಯನ್ನು ಬಗ್ಗಿಸಿ ಮೈಯ ಭಂಗಿ ಹಿಡಿಯುತ್ತಾನೆ. ಅದರ ಮೇಲೆ ಎಪಾಕ್ಸಿ ಎಂಬ, ಕಲಸಿದ ಮೇಲೆ ಗಟ್ಟಿಯಾಗುವ ಕಣಕವನ್ನು ನಾದಿ ಮೆತ್ತುತ್ತಾನೆ. ಹಳದಿಯದೊಂದು, ನೀಲಿಯದೊಂದು, ಎರಡನ್ನೂ ಕಲಸಿದರೆ ಹಸಿರು. ಗಟ್ಟಿಯಾಗುವ ಮುನ್ನ ಸಿಗುವುದು ಒಂದೆರಡು ಗಂಟೆಯ ಬಿಡುವು. ಅಷ್ಟರೊಳಗೆ ಸೂಜಿಯ ಮೊನೆಯಲ್ಲಿ ಕಣ್ಣು, ಹುಬ್ಬು, ಬೆರಳಿನ ಗೆಣ್ಣು ಮೂಡಬೇಕು. ಹೀಗೆ ಸಿದ್ಧವಾದ ಮೂಲಬೊಂಬೆಯನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಒತ್ತಿ, ಕಾಯಿಸಿ ಅಚ್ಚು ತೆಗೆಯುತ್ತಾರೆ. ಆ ಅಚ್ಚನ್ನು ನೋಡಿದರೆ ನಮ್ಮ ಬೀಸುವ ಕಲ್ಲೇ ನೆನಪಾಗುತ್ತದೆ. ಮೇಲೊಂದು ಬಿಲ್ಲೆ, ಕೆಳಗೊಂದು ಬಿಲ್ಲೆ, ನಡುವೆ ಕುಳಿ. ಗರಗರನೆ ತಿರುಗುವಾಗ ಕುಳಿಗೆ ಕರಗಿದ ಲೋಹ ಹೊಯ್ದರೆ, ರಾಗಿ ಹಿಟ್ಟು ಅಂಚಿಗೆ ಬರುವಂತೆ ಲೋಹ ಹೊರಮುಖವಾಗಿ ಚಿಮ್ಮಿ ಸುತ್ತಲಿನ ಒಂದೊಂದು ಅಚ್ಚಿಗೂ ನುಗ್ಗುತ್ತದೆ. ಎರಡು ಬಿಲ್ಲೆ ಕೂಡಿದ ಗುರುತು ಬೊಂಬೆಯ ತಲೆಯಿಂದ ಕಾಲಿನವರೆಗೆ ಸಣ್ಣ ಗೆರೆಯಾಗಿ ಉಳಿಯುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆಯುವುದೇ ಬಣ್ಣ ಹಚ್ಚುವವನ ಮೊದಲ ಕೆಲಸ. ಸೀಸದ ಪುಡಿ ವಿಷ. ಒದ್ದೆ ಮಾಡಿಕೊಂಡೇ ಉಜ್ಜಬೇಕು, ಕೈ ತೊಳೆಯದೆ ಊಟಕ್ಕೆ ಕೂರಬಾರದು, ಮಕ್ಕಳ ಕೈಗಂತೂ ಕೊಡಲೇಬಾರದು. 1990ರ ದಶಕದಲ್ಲಿ ದೊಡ್ಡ ಕಂಪನಿಗಳು ಸೀಸ ಬಿಟ್ಟು ತವರದ ಮಿಶ್ರಲೋಹಕ್ಕೆ ಹೊರಳಿದ್ದು ಇದೇ ಭಯಕ್ಕೆ.

ಗಾಬ್ಲಿನ್‌ಗೆ ಮರಳುತ್ತೇನೆ. ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪ್ರೈಮರ್ ಒಣಗಿದ ಮೇಲೆ ಹಸಿರು ಬಳಿದೆ. ಬಳಿಕ ಕಂದು ಬಣ್ಣವನ್ನು ತಿಳಿಸಾರಿನಷ್ಟು ನೀರು ಮಾಡಿ ಮುಖದ ಮೇಲೆ ಬಿಟ್ಟೆ. ಅದು ತಾನಾಗಿ ಹರಿದು ಮೂಗಿನ ಬದಿಗೆ, ಕೆನ್ನೆಯ ಮಡಿಕೆಗೆ, ಹಲ್ಲಿನ ಸಂದಿಗೆ ಹೋಗಿ ನಿಂತಿತು. ಎಲ್ಲಿ ನೆರಳು ಬೀಳಬೇಕು ಎಂಬುದನ್ನು ನಾನು ಯೋಚಿಸಬೇಕಾಗಿಯೇ ಇರಲಿಲ್ಲ. ನಲವತ್ತು ವರ್ಷದ ಹಿಂದೆ ಯಾರೋ ಯೋಚಿಸಿ ತಗ್ಗು ತೋಡಿಟ್ಟಿದ್ದರು. ಆಮೇಲೆ ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಕೂದಲನ್ನು ಉಬ್ಬುಗಳ ಮೇಲೆ ಸವರಿದೆ. ಎಡಗಡೆಯ ಹುಬ್ಬು ಬಲಗಡೆಯದಕ್ಕಿಂತ ಒಂದೆಳೆ ಮೇಲಿದೆ ಎಂದು ಆಗ ಕಂಡಿತು. ಆ ಒಂದೆಳೆಯಲ್ಲೇ ಇದೆ ಇದರ ಕುಚೇಷ್ಟೆಯೆಲ್ಲ. ಕಂಪ್ಯೂಟರಿನಲ್ಲಿ ಕಡೆದ ಇಂದಿನ ಬೊಂಬೆಗಳ ನಯ ನನಗೂ ಮೆಚ್ಚುಗೆಯೇ. ಆದರೆ ಬೆರಳಿನ ಒತ್ತು ಉಳಿದಿರುವ ಈ ಮುಖಗಳ ಹಾಗೆ ಅವು ನನ್ನನ್ನು ಹಿಡಿದು ಕೂರಿಸಿಲ್ಲ.

ಆ ಹುಬ್ಬನ್ನು ಏರಿಸಿದವರು ಶಿಲ್ಪಿ ಕೆವಿನ್ ಆಡಮ್ಸ್. ಬಲ್ಲವರ ವಲಯದಲ್ಲಿ ಅವರಿಗೆ ಗಾಬ್ಲಿನ್ ಮಾಸ್ಟರ್ ಎಂದೇ ಹೆಸರು. ಜೆಸ್ ಗುಡ್ವಿನ್ ಇನ್ನೊಬ್ಬ ಶಿಲ್ಪಿ. ಕವಚ, ಶಿರಸ್ತ್ರಾಣಗಳ ಅಂದದಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಅಲನ್ ಮತ್ತು ಮೈಕೆಲ್ ಪೆರಿ ಅವಳಿ ಸಹೋದರರು, ಸಿಟಡೆಲ್‌ನ ಮೊದಲ ದಿನಗಳಿಂದಲೇ ಕೆಲಸ ಮಾಡಿದವರು. ಇಂಗ್ಲಿಷರಿಗೂ ಫ್ರೆಂಚರಿಗೂ 1346ರಲ್ಲಿ ನಡೆದ ಕ್ರೆಸಿ ಯುದ್ಧದ 650ನೆಯ ವರ್ಷವೆಂದು 1996ರಲ್ಲಿ ಫ್ರಾನ್ಸಿನಲ್ಲಿ ಆ ಕಾಳಗವನ್ನು ಮರುನಟಿಸಿದಾಗ, ಫಿರಂಗಿಯ ಅವಘಡದಲ್ಲಿ ಮೈಕೆಲ್ ಬಲಗೈ ಕಳೆದುಕೊಂಡರು. ಶಿಲ್ಪ ಮಾಡುತ್ತಿದ್ದ ಕೈ ಅದೇ. ಅವರು ಎಡಗೈಗೆ ಆ ವಿದ್ಯೆಯನ್ನು ಮೊದಲಿನಿಂದ ಕಲಿಸಿದರು. ಮೂರು ಸೆಂಟಿಮೀಟರ್ ಕೂಡ ಇಲ್ಲದ ಬಿಲ್ಲುಗಾರನ ಬತ್ತಳಿಕೆಯಲ್ಲಿ ಬಾಣಗಳನ್ನು ಬಿಡಿಬಿಡಿಯಾಗಿ ತೋರಿಸಲು ಎಂಥ ಕೈಚಳಕ ಬೇಕು ಎಂಬುದು, ಅದರ ಗರಿಗಳಿಗೆ ಬಣ್ಣ ಹಚ್ಚಲು ಕೂತು ಉಸಿರು ಬಿಗಿಹಿಡಿದಾಗ ನನಗೆ ತಿಳಿಯಿತು.

ಆ ಕಾಲದ ಅನೇಕ ಬೊಂಬೆಗಳ ಕಾಲ್ಕೆಳಗಿನ ಲೋಹದ ಪಟ್ಟಿಯಲ್ಲಿ ಕಂಪನಿಯ ಹೆಸರು ಇರುತ್ತದೆ, ಕೆಲವಕ್ಕೆ ವರ್ಷವೂ ಇರುತ್ತದೆ. ಮಾಡಿದವರ ಹೆಸರು ಮಾತ್ರ ಕಾಣುವುದಿಲ್ಲ. ಆ ಪಟ್ಟಿ ಪೀಠದ ಸೀಳಿನೊಳಗೆ ಕೂತ ಮೇಲೆ ಅದೂ ಕಣ್ಮರೆ. ಹಾಗಾಗಿ ನಾನು ಬಣ್ಣ ಮುಗಿಸಿದ ಮೇಲೆ ಪೀಠವನ್ನು ತಿರುವಿ, ತಳದಲ್ಲಿ ಬಿಳಿ ಬಣ್ಣದಿಂದ ಶಿಲ್ಪಿಯ ಹೆಸರನ್ನು ಬರೆಯುತ್ತೇನೆ. ಕನ್ನಡದಲ್ಲೇ ಬರೆಯುತ್ತೇನೆ.

ಡಬ್ಬಿಯ ಇಪ್ಪತ್ತರಲ್ಲಿ ಹದಿನಾರಕ್ಕೆ ಹೆಸರು ಸಿಕ್ಕಿದೆ. ಉಳಿದ ನಾಲ್ಕರ ತಳ ಇನ್ನೂ ಖಾಲಿ ಇದೆ. ಅವುಗಳ ಮುಖಕ್ಕೆ ಬಣ್ಣ ಹಚ್ಚುತ್ತಾ, ಇದು ಯಾರ ಕೈ ಎಂದು ಹುಡುಕುತ್ತಿದ್ದೇನೆ.

ನಮಸ್ಕಾರ.