ಫುಲ್ ಟವರ್ ಇದೆ, ಕರೆ ಹೋಗ್ತಿಲ್ಲ

ಕೇಳುಗರಿಗೆ ನಮಸ್ಕಾರ.

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ. ಆ ದಿನಗಳಲ್ಲಿ ಹಾಸನದ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಸಲ ದರ್ಶನದ ಸಾಲಿನಲ್ಲಿ ನಮ್ಮ ಅತ್ತಿಗೆ ತಪ್ಪಿಹೋದರು. ಫೋನ್ ತೆಗೆದೆ. ಫುಲ್ ಟವರ್ ತೋರಿಸುತ್ತಿತ್ತು. ಕರೆ ಮಾತ್ರ ಹೋಗಲೊಲ್ಲದು. "ಕಡ್ಡಿ ಎಲ್ಲಾ ಇದಾವಲ್ಲಪ್ಪಾ, ಏನ್ ರೋಗ ಇದಕ್ಕೆ?" ಅಂದರು ಹಿಂದಿದ್ದ ಅಜ್ಜಿ.

ಆ ಕಡ್ಡಿಗಳು ಹೇಳುವುದು ಇಷ್ಟೇ: ಟವರಿನ ದನಿ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಅಂತ. ನಿಮ್ಮ ಮಾತು ಕೇಳಲು ಟವರಿಗೆ ಪುರುಸೊತ್ತಿದೆಯೋ ಇಲ್ಲವೋ, ಅದು ಅವುಗಳಿಗೆ ಗೊತ್ತಿಲ್ಲ.

ಟವರ್ ಸಾಮಾನ್ಯವಾಗಿ ತನ್ನ ಸುತ್ತಲಿನ ಜಾಗವನ್ನು ಮೂರು ಪಾಲು ಮಾಡಿಕೊಳ್ಳುತ್ತದೆ. ಒಂದು ಪಾಲಿನಲ್ಲಿರುವ ಅಷ್ಟೂ ಫೋನುಗಳು ಅದೇ ತರಂಗಗಳನ್ನು ಹಂಚಿಕೊಳ್ಳಬೇಕು. 4ಜಿಯಲ್ಲಿ ಒಂದು ಸೆಕೆಂಡನ್ನು 1000 ಚೂರು ಮಾಡಿ, ಒಂದೊಂದು ಚೂರಿನಲ್ಲೂ ಯಾರಿಗೆ ಎಷ್ಟು ಅಂತ ಲೆಕ್ಕ ಹಾಕಲಾಗುತ್ತದೆ. ಆದರೆ ಆ ಲೆಕ್ಕಕ್ಕೆ ಸೇರಬೇಕಾದರೆ ಫೋನ್ ಮೊದಲು ಟವರಿನ ಬಾಗಿಲು ತಟ್ಟಬೇಕು. ತಟ್ಟಲು ಇರುವುದು 64 ಬಗೆಯ ಗುರುತು. ಇಬ್ಬರು ಒಂದೇ ಹೊತ್ತಿಗೆ ಒಂದೇ ಗುರುತಿನಲ್ಲಿ ತಟ್ಟಿದರೆ ಡಿಕ್ಕಿ. ಸ್ವಲ್ಪ ತಡೆದು ಮತ್ತೆ ತಟ್ಟಬೇಕು. ನಾವೋ, ಹೋಗಲಿಲ್ಲ ಅಂತ ಮತ್ತೆ ಮತ್ತೆ ಒತ್ತುತ್ತಲೇ ಇರುತ್ತೇವೆ, ಅಲ್ವಾ?

ನನ್ನ ಈ ಭಾಷಣವನ್ನು ಹತ್ತು ಜನ ಕೇಳಿದರೂ ಲಕ್ಷ ಜನ ಕೇಳಿದರೂ ಬಾನುಲಿ ಕೇಂದ್ರಕ್ಕೆ ಹೊರೆ ಒಂದೇ. ನೀವು ಯಾರೂ ತಿರುಗಿ ಮಾತಾಡುವುದಿಲ್ಲವಲ್ಲ! ಮೊಬೈಲಿನಲ್ಲಿ ಎಲ್ಲರೂ ತಿರುಗಿ ಮಾತಾಡುವವರೇ. ಈಗಂತೂ ನಿಂತಲ್ಲಿಂದಲೇ ವಿಡಿಯೋ ಕಳಿಸುತ್ತಾರೆ.

ಹಾಗಾದರೆ ಟವರಿನ ಶಕ್ತಿ ಹೆಚ್ಚಿಸಿದರಾಯಿತಲ್ಲ? ಆಗುವುದಿಲ್ಲ. ದನಿ ಜೋರಾದರೆ ಪಕ್ಕದ ಟವರಿಗೆ ತೊಂದರೆ, ಅಷ್ಟೇ. ಅದಕ್ಕೇ ದೊಡ್ಡ ಜಾತ್ರೆ, ಸಮಾವೇಶ ಇದ್ದಲ್ಲಿ ಕಂಪನಿಗಳು ಗಾಡಿಯ ಮೇಲೆ ಟವರ್ ತಂದು ನಿಲ್ಲಿಸುತ್ತವೆ. ಮೆಲ್ಲಗೆ ಮಾತಾಡುವ ಸಣ್ಣ ಆಂಟೆನಾಗಳನ್ನು ಹತ್ತಿರ ಹತ್ತಿರ ಇಡುತ್ತವೆ. ಆಗ ಅದೇ ತರಂಗವನ್ನು ಈ ಮೂಲೆಯಲ್ಲೂ ಆ ಮೂಲೆಯಲ್ಲೂ ಬಳಸಬಹುದು.

ನೂಕುನುಗ್ಗಲಿನಲ್ಲಿ ಎಸ್ಸೆಮ್ಮೆಸ್ ವಾಸಿ. ಅದು ಪುಟ್ಟದು, ಸಣ್ಣ ಸಂದಿ ಸಿಕ್ಕರೂ ನುಸುಳುತ್ತದೆ. ಆಚೆಯವರ ಫೋನ್ ಸಿಗದಿದ್ದರೆ ನೆಟ್‌ವರ್ಕಿನಲ್ಲೇ ಕಾದಿದ್ದು ಆಮೇಲೆ ತಲುಪುತ್ತದೆ. ನಾನೂ ಅವತ್ತು ಹಾಗೇ ಮಾಡಿದೆ: "ಚಪ್ಪಲಿ ಬಿಟ್ಟ ಕಡೆ ನಿಂತಿದ್ದೀನಿ."

ಅರ್ಧ ಗಂಟೆಯಲ್ಲಿ ಅತ್ತಿಗೆ ಬಂದರು. ಚಪ್ಪಲಿ ಹುಡುಕಿಕೊಂಡು ಬಂದದ್ದಂತೆ. ಮೆಸೇಜು ನೋಡಿದ್ದು ಮನೆಗೆ ಹೋದಮೇಲೆ.