ಒಳಗಿನಿಂದ ಹಾಕಿದ ಚಿಲಕ

ಕೇಳುಗರಿಗೆ ನಮಸ್ಕಾರ.

ಬೆನ್ನುಹುರಿಗೆ ಪೆಟ್ಟಾದ ಮೇಲೆ ಮನಸ್ಸಿಗೆ ಏನಾಗುತ್ತದೆ, ಬದುಕು ಮತ್ತೆ ಹೇಗೆ ಹಿಡಿತಕ್ಕೆ ಬರುತ್ತದೆ, ಇವತ್ತು ಅದನ್ನು ಮಾತಾಡೋಣ ಅಂತ ಬಂದಿದ್ದೇನೆ. ನಾನು ಡಾಕ್ಟರ್ ಅಲ್ಲ. ಆರು ವರ್ಷದ ಹಿಂದೆ ನನ್ನ ತಮ್ಮ ಏಣಿಯಿಂದ ಜಾರಿ ಬಿದ್ದ. ಹೊಕ್ಕುಳಿನಿಂದ ಕೆಳಗೆ ಸ್ವಾಧೀನ ಹೋಯಿತು. ಅಲ್ಲಿಂದೀಚೆಗೆ ಓದಿ ತಿಳಿದದ್ದು, ಅವನನ್ನು ನೋಡಿ ಕಲಿತದ್ದು, ತಪ್ಪು ಮಾಡಿ ತಿದ್ದಿಕೊಂಡದ್ದು, ಅಷ್ಟನ್ನೇ ಹೇಳುತ್ತೇನೆ.

ಬೆನ್ನುಹುರಿ ಅಂದರೆ ಬೆನ್ನುಮೂಳೆಯ ಒಳಗೆ ಹಾದುಹೋಗುವ, ಹೆಚ್ಚುಕಮ್ಮಿ ಕಿರುಬೆರಳಿನ ದಪ್ಪದ ನರಗಳ ಕಟ್ಟು. ಅದು ಪೂರ್ತಿ ಘಾಸಿಯಾದರೆ, ಆ ಜಾಗದಿಂದ ಕೆಳಗೆ ಮೆದುಳಿನ ಅಪ್ಪಣೆ ಇಳಿಯುವುದಿಲ್ಲ, ಕೆಳಗಿನ ಸುದ್ದಿ ಮೇಲೆ ಹತ್ತುವುದಿಲ್ಲ. ಪೆಟ್ಟು ಕುತ್ತಿಗೆಯಲ್ಲಾದರೆ ಕೈಗಳೂ ಸೋಲುತ್ತವೆ. ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಜನ ಇದರ ಜೊತೆ ಬದುಕುತ್ತಿದ್ದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೋಡುವವರಿಗೆ ಕಾಣೋದು ನಡೆಯದ ಕಾಲು ಮಾತ್ರ. ಮೂತ್ರ, ಮಲ, ಚರ್ಮ, ದಾಂಪತ್ಯ, ಸ್ಪರ್ಶವೇ ಇಲ್ಲದ ಜಾಗದಲ್ಲಿ ಬೆಂಕಿ ಇಟ್ಟಂತೆ ಉರಿಯುವ ನರದ ನೋವು, ಇದ್ಯಾವುದೂ ಹೊರಗೆ ಕಾಣುವುದಿಲ್ಲ. ಕೇಳುವವರೂ ಕಡಿಮೆ.

ಮೊದಲ ತಿಂಗಳುಗಳಲ್ಲಿ ತಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನೋಡಲು ಬಂದವರು ಹಾಸಿಗೆ ಪಕ್ಕದಲ್ಲೇ ಕೂತು, 'ಇಂಥ ಸ್ಥಿತಿ ಶತ್ರುವಿಗೂ ಬೇಡ' ಅನ್ನುತ್ತಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಮಾತು ಕೇಳಿಸಿಕೊಂಡು ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅದನ್ನು ನಾನು ನೋಡಿದ್ದೇನೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. 1994ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತುರ್ತು ಚಿಕಿತ್ಸೆಯಲ್ಲಿ ಕೆಲಸ ಮಾಡುವ ಡಾಕ್ಟರು, ನರ್ಸುಗಳನ್ನೆಲ್ಲ ಕೇಳಿದರು: ನಿಮಗೇ ಬೆನ್ನುಹುರಿಗೆ ದೊಡ್ಡ ಪೆಟ್ಟಾದರೆ, ಬದುಕಿ ಉಳಿದದ್ದಕ್ಕೆ ಖುಷಿಪಡುತ್ತೀರಾ? ಹೌದು ಅಂದವರು ನೂರಕ್ಕೆ 18 ಜನ. ನಿಜವಾಗಿ ಅಂಥ ಪೆಟ್ಟು ತಿಂದು ಬದುಕುತ್ತಿದ್ದವರಲ್ಲಿ ಬದುಕಿದ್ದೇ ಒಳ್ಳೆಯದಾಯಿತು ಅಂದವರು ನೂರಕ್ಕೆ 92! ಚಿಕಿತ್ಸೆ ಕೊಡುವ ಜನರ ಊಹೆಯೇ ಇಷ್ಟು ತಪ್ಪಿದರೆ, ಸುಮ್ನೆ ಬಂದು ನೋಡಿ ಹೋಗುವವರದ್ದು ಇನ್ನೆಷ್ಟು ತಪ್ಪಬೇಡ, ಅಲ್ವಾ?

ಹಾಗಂತ ಎಲ್ಲರೂ ತಾವಾಗಿಯೇ ಸರಿಹೋಗುತ್ತಾರೆ ಅಂತ ದಯವಿಟ್ಟು ತಿಳಿಯಬೇಡಿ. ಈ ಪೆಟ್ಟಾದವರಲ್ಲಿ ನೂರಕ್ಕೆ 20ರಿಂದ 30 ಜನರಲ್ಲಿ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆಯ ಲಕ್ಷಣ ಇರುತ್ತದೆ. ಅಂದರೆ ಬಹಳ ಜನಕ್ಕೆ ಇರುವುದಿಲ್ಲ, ಇರುವವರಿಗೆ ಮಾತ್ರ ನಿಜವಾಗಿ ಇರುತ್ತದೆ. ದುಃಖವೇ ಬೇರೆ, ಖಿನ್ನತೆಯೇ ಬೇರೆ. ದುಃಖ ಅಲೆಯ ಹಾಗೆ ಬಂದು ಹೋಗುತ್ತದೆ, ನಡುವೆ ಒಂದು ನಗು, ಒಂದು ಜಗಳ, ಕ್ರಿಕೆಟ್ ಸ್ಕೋರು ಕೇಳುವ ಆಸೆ ಇರುತ್ತದೆ. ಎರಡು ವಾರ ದಾಟಿದರೂ ಯಾವುದರಲ್ಲೂ ರುಚಿ ಇಲ್ಲ, ನಾನಿದ್ದು ನಿಮಗೆಲ್ಲ ಹೊರೆ ಅನ್ನುತ್ತಿದ್ದಾರೆ ಅಂದರೆ ತಡಮಾಡದೆ ಡಾಕ್ಟರಿಗೆ ಹೇಳಿ. ಮಾತಿನ ಚಿಕಿತ್ಸೆ ಇದೆ, ಔಷಧಿ ಇದೆ, ಎರಡೂ ಕೆಲಸ ಮಾಡುತ್ತವೆ. ಬೆನ್ನುಹುರಿ ಹೋದಮೇಲೆ ಮನಸ್ಸು ಹೀಗಿರೋದೇ ಸಹಜ ಅಂತ ಬಿಟ್ಟುಬಿಡುವುದು ದೊಡ್ಡ ತಪ್ಪು. 'ಸಾಯಬೇಕು ಅನಿಸುತ್ತಾ?' ಅಂತ ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುವುದಿಲ್ಲ. ನಾನು ಕೇಳಿದ ರಾತ್ರಿ ತಮ್ಮ ಮೊದಲ ಸಲ ಬಾಯಿಬಿಟ್ಟು ಅತ್ತ, ಬೆಳಗ್ಗೆ ಡಾಕ್ಟರ ಹತ್ತಿರ ಮಾತಾಡುತ್ತೇನೆ ಅಂತ ಅವನೇ ಅಂದ.

ಪೆಟ್ಟು ಎಷ್ಟು ಮೇಲೆ ಆಗಿದೆ ಅನ್ನುವುದರ ಮೇಲೇ ಬದುಕಿನ ನೆಮ್ಮದಿ ನಿಂತಿದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ನೋವು ಹತೋಟಿಯಲ್ಲಿದೆಯಾ, ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುತ್ತಿದ್ದಾರಾ, ಮಾಡಲು ಕೆಲಸ ಇದೆಯಾ, ಮನೆಯಿಂದ ಹೊರಗೆ ಹೋಗಲು ದಾರಿ ಇದೆಯಾ, ಮನಬಿಚ್ಚಿ ಮಾತಾಡಲು ಯಾರಾದರೂ ಇದ್ದಾರಾ, ಇವೇ ಜಾಸ್ತಿ ತೂಗುತ್ತವೆ. ನನ್ನ ತಮ್ಮ, ಮೂತ್ರ ಹೊರಬಿಡಲು ಬಳಸುವ ಕ್ಯಾತಿಟರ್ ಅನ್ನುವ ಸಣ್ಣ ಕೊಳವೆಯನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ಹಾಕಿಕೊಳ್ಳಲು ಕಲಿತ ಮೇಲೆ ಹೊರಗೆ ಹೋಗುವ ಹೆದರಿಕೆ ಅರ್ಧ ಇಳಿಯಿತು. ಎಲ್ಲರ ನಡುವೆ ಬಟ್ಟೆ ಒದ್ದೆಯಾದರೆ ಅನ್ನುವ ಭಯ ಮನುಷ್ಯನನ್ನು ಮನೆಯೊಳಗೆ ಕೂಡಿಹಾಕುತ್ತದೆ, ಅದನ್ನು ಯಾವ ಧೈರ್ಯದ ಮಾತೂ ಬಿಡಿಸುವುದಿಲ್ಲ.

ಬಾಗಿಲಿನ ಕಥೆ ಹೇಳುತ್ತೇನೆ. ನಮ್ಮ ಬಚ್ಚಲುಮನೆ ಬಾಗಿಲು ಕಿರಿದು, ವೀಲ್‌ಚೇರ್ ತೂರುತ್ತಿರಲಿಲ್ಲ. ಎಂಟು ತಿಂಗಳು ನಾವೇ ಎತ್ತಿ ಒಳಗೆ ಕೂರಿಸುತ್ತಿದ್ದೆವು. ಮೂವತ್ತು ದಾಟಿದ ಗಂಡಸು, ಸ್ನಾನಕ್ಕೂ ಅಕ್ಕ ಭಾವ ಬರಬೇಕು. ಕೊನೆಗೆ ಚೌಕಟ್ಟು ಕಿತ್ತು ಅಗಲ ಮಾಡಿಸಿದೆವು, ಗೋಡೆಗೆ ಹಿಡಿಕೆ ಹಾಕಿಸಿದೆವು. ಅವತ್ತು ತಮ್ಮ ಗಾಲಿ ಉರುಳಿಸಿಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿದ. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಹೊರಗೆ ಟವೆಲ್ ಹಿಡಿದು ನಿಂತಿದ್ದ ನಾನು ಅಲ್ಲೇ ಕೂತುಬಿಟ್ಟೆ. ಒಂದು ವರ್ಷ ನಾವು ಹೇಳಿದ ಸಮಾಧಾನವೆಲ್ಲ ಸೇರಿಸಿದರೂ ಆ ಚಿಲಕ ಮಾಡಿದ ಕೆಲಸ ಮಾಡಿರಲಿಲ್ಲ.

ಇದು ಹೊಸ ವಿಚಾರವೇನಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ ಅನ್ನುವ ವೈದ್ಯರು ಬೆನ್ನುಹುರಿ ಗಾಯಾಳುಗಳ ವಾರ್ಡು ಶುರು ಮಾಡಿದರು. ಅಲ್ಲಿಯವರೆಗೆ ಯುದ್ಧದಲ್ಲಿ ಹೀಗೆ ಪೆಟ್ಟಾದ ಸೈನಿಕರಲ್ಲಿ ಎಷ್ಟೋ ಜನ ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ಅವರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕ್ರಮ ತಂದರು, ಜೊತೆಗೆ ಕೆಲಸ ಕಲಿಸಿದರು, ಆಟ ಆಡಿಸಿದರು. 1948ರಲ್ಲಿ 16 ಜನ ಅಲ್ಲಿ ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ಭಾಗವಹಿಸಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅದರಿಂದಲೇ.

ಮನೆಯವರಿಗೆ ಒಂದು ಮಾತು. ಸಹಾಯ ಬೇಕಾ ಅಂತ ಮೊದಲು ಕೇಳಿ. ಹಿಂದಿನಿಂದ ಬಂದು ವೀಲ್‌ಚೇರ್ ತಳ್ಳಬೇಡಿ, ಅದು ಅವರ ಕಾಲು. ತಮ್ಮನಿಗೆ ಪ್ಯಾಂಟ್ ಹಾಕಿಕೊಳ್ಳಲು ಶುರುವಿನಲ್ಲಿ ನಲವತ್ತು ನಿಮಿಷ ಬೇಕಾಗುತ್ತಿತ್ತು. ಮಲಗಿಕೊಂಡು ಒಂದು ಮಗ್ಗುಲಿಗೆ ಹೊರಳಿ ಸ್ವಲ್ಪ ಎಳೆಯಬೇಕು, ಇನ್ನೊಂದು ಮಗ್ಗುಲಿಗೆ ಹೊರಳಿ ಮತ್ತೆ ಸ್ವಲ್ಪ. ನನಗೆ ನೋಡಲಾಗುತ್ತಿರಲಿಲ್ಲ. 'ಬಿಡೋ, ನಾನು ಹಾಕ್ತೀನಿ' ಅಂತ ಐದೇ ನಿಮಿಷದಲ್ಲಿ ಮುಗಿಸುತ್ತಿದ್ದೆ. ಒಂದು ದಿನ ಅವನು ಮೆಲ್ಲಗೆ, 'ಅಕ್ಕಾ, ನೀನು ಸ್ವಲ್ಪ ಹೊರಗಿರು' ಅಂದ. ನನಗೆ ಬೇಜಾರಾಯಿತು. ಅವನಿಂದ ನಾನು ಏನು ಕಿತ್ತುಕೊಳ್ಳುತ್ತಿದ್ದೆ ಅಂತ ಅರ್ಥವಾಗಲು ಎಷ್ಟೋ ದಿನ ಬೇಕಾಯಿತು. ಹಾಗೇ, ನೋಡಿಕೊಳ್ಳುವವರೂ ದಣಿಯುತ್ತಾರೆ. ವಾರಕ್ಕೆ ಒಂದು ದಿನವಾದರೂ ಬೇರೆ ಯಾರಿಗಾದರೂ ವಹಿಸಿ ಹೊರಗೆ ಹೋಗಿಬನ್ನಿ, ಅದರಲ್ಲಿ ತಪ್ಪಿಲ್ಲ.

ತಮ್ಮನನ್ನು ನಿಜವಾಗಿ ಎಬ್ಬಿಸಿದ್ದು ನಾವಲ್ಲ. ಹತ್ತು ವರ್ಷದಿಂದ ವೀಲ್‌ಚೇರಿನಲ್ಲಿದ್ದ ಒಬ್ಬರು ಆಸ್ಪತ್ರೆಗೆ ಬಂದಿದ್ದರು, ಕೆಲಸ ಮುಗಿಸಿಕೊಂಡು, ತಾವೇ ಗಾಡಿ ಓಡಿಸಿಕೊಂಡು. ತಮ್ಮ ಅವರನ್ನು ಕೇಳಿದ ಮೊದಲ ಪ್ರಶ್ನೆ, ನಮ್ಮ ಯಾರ ಹತ್ತಿರವೂ ಕೇಳದೆ ಇದ್ದದ್ದು, ಮದುವೆಯ ಬಗ್ಗೆ. ಅವರಿಬ್ಬರೂ ಮಾತಾಡಲಿ ಅಂತ ನಾನು ಹೊರಗೆ ಬಂದೆ. ಅದೇ ದಾರಿ ಹಿಡಿದು ಬಂದವರ ಮಾತಿಗೆ ಇರುವ ತೂಕ ನಮ್ಮ ಮಾತಿಗೆ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ, ಅಂಥ ಒಬ್ಬರನ್ನು ಹುಡುಕಿ ಭೇಟಿ ಮಾಡಿಸಿ ಅಂತ ಕೈಮುಗಿದು ಕೇಳುತ್ತೇನೆ.

ಈಗ ತಮ್ಮ ತಿಂಗಳಿಗೊಮ್ಮೆ ಅದೇ ವಾರ್ಡಿಗೆ ಹೋಗುತ್ತಾನೆ. ಹೊಸದಾಗಿ ಪೆಟ್ಟಾಗಿ, ಗೋಡೆ ಕಡೆ ಮುಖ ಮಾಡಿ ಮಲಗಿದವರ ಪಕ್ಕ ವೀಲ್‌ಚೇರ್ ನಿಲ್ಲಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಆಮೇಲೆ, ಪ್ಯಾಂಟ್ ಹಾಕಿಕೊಳ್ಳುವುದು ಹೇಗೆ ಅಂತ ತೋರಿಸಲಾ ಅಂತ ಕೇಳುತ್ತಾನೆ.